ಇಷ್ಟು ಸಿಹಿ ರಾಗ, ಇಷ್ಟು ಕಹಿ ಮಾತು: ಬ್ಯೂಟಿಫುಲ್ ಸೌತ್ ತಂಡದ '0898' ಕೇಳಿದವರು ಯಾರಾದರೂ ಇದ್ದೀರಾ?

ಹಳೇ ಸಿಡಿ
ಎಲ್ಲರಿಗೂ ನಮಸ್ಕಾರ. ಒಂದು ಆಲ್ಬಮ್ ಬಗ್ಗೆ ಮಾತಾಡೋಣ ಅಂದರೆ ಸುತ್ತಮುತ್ತ ಒಬ್ಬರೂ ಸಿಗುತ್ತಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಆಲ್ಬಮ್ ಹೆಸರು '0898 ಬ್ಯೂಟಿಫುಲ್ ಸೌತ್'. ಬಂದದ್ದು 1992ರ ಮಾರ್ಚ್ ಕೊನೆಯಲ್ಲಿ. ಇಂಗ್ಲೆಂಡಿನ ಹಲ್ ಊರಿನ ತಂಡ, ಇದು ಅವರ ಮೂರನೇ ಆಲ್ಬಮ್. ನಾನು ಲೀಡ್ಸ್‌ನಲ್ಲಿ ಓದುತ್ತಿದ್ದಾಗ ಒಂದು ಚಾರಿಟಿ ಅಂಗಡಿಯಲ್ಲಿ 50 ಪೆನ್ಸ್‌ಗೆ ಸಿಡಿ ಸಿಕ್ಕಿತು. ಮೊದಲ ವಾರ ಅನ್ನಕ್ಕೆ ಇಟ್ಟು ಅದನ್ನು ಹಾಕಿಕೊಂಡು ಗುನುಗುತ್ತಿದ್ದೆ. ಪಿಯಾನೋ ಹಿತವಾಗಿದೆ, ರಾಗ ಬಾಯಲ್ಲಿ ಕೂರುತ್ತದೆ. ಒಳ್ಳೆ ಸಂಜೆಯ ಸಂಗೀತ ಅಂದುಕೊಂಡಿದ್ದೆ.

ಒಂದು ದಿನ ಸಾಹಿತ್ಯ ಓದುತ್ತಾ ಕೇಳಿದೆ. ಮೊದಲನೇ ಹಾಡೇ ಕುಡಿದು ಕುಡಿದು ಸಾಯುವ ಒಬ್ಬ ಮುದುಕನದು. ಎರಡನೆಯದು ಒಬ್ಬರನ್ನೊಬ್ಬರು ಬಿಟ್ಟಿರದೆ, ಅಂಟಿಕೊಂಡೇ ಉಸಿರು ಕಟ್ಟುವ ಗಂಡು ಹೆಣ್ಣಿನದು. ಕೊನೆಯ ಹಾಡು ಮುಪ್ಪಿನದು. ಇಷ್ಟನ್ನೂ ಮಕ್ಕಳ ಬಾಯಿಗೂ ಬರುವಂಥ ಸಲೀಸು ರಾಗದಲ್ಲಿ ಹಾಡಿದ್ದಾರೆ. ಅವತ್ತಿನಿಂದ ಇದು ನನ್ನ ಜೊತೆಗೇ ಇದೆ. ಹತ್ತೊಂಬತ್ತು ವರ್ಷ ಆಯಿತು.

ನನ್ನ ಪ್ರಶ್ನೆ ಇಷ್ಟೇ. 90ರ ದಶಕದ ಬ್ರಿಟಿಷ್ ಹಾಡು ಅಂದರೆ ಎಲ್ಲರೂ ಅದೇ ನಾಲ್ಕು ತಂಡಗಳ ಹೆಸರು ಹೇಳುತ್ತಾರೆ. ಇದನ್ನು ಯಾಕೆ ಯಾರೂ ನೆನೆಯುವುದಿಲ್ಲ?

ಬರೀ ಬೀಟ್
ಯಾಕಂದ್ರೆ ಇದು ಸೂಪರ್‌ಮಾರ್ಕೆಟ್‌ನಲ್ಲಿ ಹಿನ್ನೆಲೆಗೆ ಹಾಕುವ ಸಂಗೀತ. ನಾನು ಎರಡು ಹಾಡು ಕೇಳಿದೆ. ಎಲ್ಲಾ ನುಣ್ಣಗೆ ಇದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ನಿರ್ವಾಣ ಅನ್ನುವ ರಾಕ್ ತಂಡ ಏನು ಮಾಡುತ್ತಿತ್ತು ನೋಡಿ. ಹೋಲಿಕೆಯೇ ಇಲ್ಲ.

ಹಳೇ ಸಿಡಿ
ನೀವು ಹೇಳಿದ ಆ ನುಣುಪೇ ನನಗೆ ಮುಖ್ಯ ಸರ್. ಸಿಟ್ಟನ್ನು ಕಿರುಚಿ ಹೇಳುವುದು ಒಂದು ದಾರಿ. ಅದೇ ಸಿಟ್ಟನ್ನು ಬೆಣ್ಣೆಯಂಥ ದನಿಯಲ್ಲಿ ಹೇಳಿದರೆ ಅದು ನಿಮಗೆ ತಿಳಿಯದೆಯೇ ಒಳಗೆ ಹೋಗಿ ಕೂರುತ್ತದೆ. ಆಮೇಲೆ ತೆಗೆಯೋಕೆ ಆಗುವುದಿಲ್ಲ. ದಯವಿಟ್ಟು ಸಾಹಿತ್ಯ ಮುಂದಿಟ್ಟುಕೊಂಡು ಒಂದು ಸಲ ಕೇಳಿ.

ರಾತ್ರಿ ರೇಡಿಯೋ
ಈ ತಂಡದ ಹೆಸರು ಇಲ್ಲಿ ನೋಡುತ್ತೇನೆ ಅಂತ ಅಂದುಕೊಂಡೇ ಇರಲಿಲ್ಲ! ಆದರೆ ಒಂದು ತಕರಾರು. ಅವರ ಅತ್ಯುತ್ತಮ ಆಲ್ಬಮ್ 1989ರ ಮೊದಲನೆಯದು, 'ವೆಲ್ಕಮ್ ಟು ದ ಬ್ಯೂಟಿಫುಲ್ ಸೌತ್'. 'ಸಾಂಗ್ ಫಾರ್ ಹೂಎವರ್' ಕೇಳಿ. ರೇಡಿಯೋದಲ್ಲಿ ಅದು ಅಪ್ಪಟ ಪ್ರೇಮಗೀತೆ ಅನಿಸುತ್ತದೆ. ಹುಡುಗಿಯರ ಹೆಸರು ಒಂದಾದ ಮೇಲೆ ಒಂದು ಬರುತ್ತವೆ. ಗಮನಿಸಿದರೆ, ಹಾಡು ಕಟ್ಟುವವನೊಬ್ಬ ತಾನು ಅಳಿಸಿದ ಹುಡುಗಿಯರಿಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದಾನೆ. ಅವರ ಕಣ್ಣೀರಿನಿಂದಲೇ ಇವನಿಗೆ ಸಂಪಾದನೆ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು 2ನೇ ಸ್ಥಾನಕ್ಕೆ ಹೋಯಿತು. ಎಷ್ಟು ಜನ ಅದನ್ನು ನಿಜವಾದ ಪ್ರೇಮಗೀತೆ ಅಂದುಕೊಂಡು ಕೊಂಡಿರಬೇಕು!

ಅದೇ ಆಲ್ಬಮ್‌ನಲ್ಲಿ 'ವುಮನ್ ಇನ್ ದ ವಾಲ್' ಇದೆ. ಹೆಂಡತಿಯನ್ನು ಕೊಂದು ಗೋಡೆಯೊಳಗೆ ಹುದುಗಿಸಿದವನ ಕತೆ. ರಾಗ ಕೇಳಿದರೆ ಕುಣಿಯಬೇಕು ಅನಿಸುತ್ತದೆ.

ಗಿಟಾರ್ ಮೇಷ್ಟ್ರು
ಮುಖಪುಟದ ಕತೆಯನ್ನೂ ಹೇಳಿಬಿಡಿ. ಆ ಮೊದಲ ಆಲ್ಬಮ್‌ಗೆ ಬಾಯಲ್ಲಿ ಬಂದೂಕು ಇಟ್ಟುಕೊಂಡ ಹೆಣ್ಣಿನ ಚಿತ್ರ ಹಾಕಿದ್ದರು. ವೂಲ್‌ವರ್ತ್ಸ್ ಅಂಗಡಿಯವರು ಮಾರಲು ಒಪ್ಪಲಿಲ್ಲ. ಅದಕ್ಕೆ ಮುದ್ದು ಗೊಂಬೆಗಳ ಚಿತ್ರ ಹಾಕಿದ ಇನ್ನೊಂದು ಮುಖಪುಟ ಮಾಡಿಕೊಟ್ಟರು. ಹೊರಗೆ ಗೊಂಬೆ, ಒಳಗೆ ಗೋಡೆಯಲ್ಲಿ ಹೆಣ. ಈ ತಂಡ ಅಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಗುರುತು ಬೇಕಾ?

ಹುಬ್ಬಳ್ಳಿ ಮಂದಿ
ಬ್ಯೂಟಿಫುಲ್ ಸೌತ್ ಅಂದ ಕೂಡಲೇ ನಾನು ನಮ್ಮ ದಕ್ಷಿಣ ಭಾರತದ ಬಗ್ಗೆ ಏನೋ ಅಂತ ಒಳಗೆ ಬಂದೆ ನೋಡ್ರಿ. ಹೆಸರು ಯಾಕೆ ಹಾಗೆ?

ಹಂಬರ್ ದಂಡೆ
ನಾನು ಹಲ್‌ನಲ್ಲಿ ಆರು ವರ್ಷ ಇದ್ದೆ, ಸ್ವಲ್ಪ ಹೇಳುತ್ತೇನೆ.

ಹಲ್ ಇರುವುದು ಉತ್ತರ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಹಂಬರ್ ನದಿಯ ಬಾಯಿಯ ಹತ್ತಿರ. ದೂರದ ಸಮುದ್ರಕ್ಕೆ ಹೋಗಿ ಮೀನು ಹಿಡಿಯುವ ದೊಡ್ಡ ಬಂದರು. 70ರ ದಶಕದಲ್ಲಿ ಐಸ್‌ಲ್ಯಾಂಡ್ ತನ್ನ ಸುತ್ತಲಿನ ನೀರಿಗೆ ಬೇರೆಯವರನ್ನು ಬಿಡುವುದಿಲ್ಲ ಎಂದು ಹಟ ಹಿಡಿದು ಗೆದ್ದಿತು. ಹಲ್‌ನ ಮೀನುಗಾರಿಕೆಯೇ ಮುಗಿದುಹೋಯಿತು. ಬೀದಿಗೆ ಬೀದಿಯೇ ಕೆಲಸ ಕಳೆದುಕೊಂಡಿತು. 80ರ ದಶಕದಲ್ಲಿ, ಪ್ರಧಾನಿ ಥ್ಯಾಚರ್ ಕಾಲದಲ್ಲಿ, ದುಡ್ಡೆಲ್ಲ ಲಂಡನ್ ಮತ್ತು ದಕ್ಷಿಣದ ಕಡೆ ಹರಿಯಿತು. ಅಂಥ ಊರಿನಿಂದ ಬಂದ ತಂಡ ತನ್ನನ್ನು 'ಸುಂದರ ದಕ್ಷಿಣ' ಅಂತ ಕರೆದುಕೊಂಡಿತು. ಹೆಸರಿನಲ್ಲೇ ಒಂದು ಪೆಟ್ಟು ಇದೆ.

ಮುಖ್ಯ ಹಾಡುಗಾರ ಪಾಲ್ ಹೀಟನ್ ಹಲ್‌ನಲ್ಲಿ ಹುಟ್ಟಿದವರಲ್ಲ, 80ರ ದಶಕದ ಮೊದಲಲ್ಲಿ ಅಲ್ಲಿಗೆ ಬಂದವರು. ಗ್ರಾಫ್ಟನ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಇದ್ದರು. ನಾನು ಆ ಬೀದಿಯಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಒಂದಕ್ಕೊಂದು ಅಂಟಿದ ಇಟ್ಟಿಗೆ ಮನೆಗಳು, ಅದೇ ಬೀದಿಯಲ್ಲಿ ಒಂದು ಪಬ್. ಈ ಹಾಡುಗಳ ಜನ ಅಲ್ಲಿ ಈಗಲೂ ಕಾಣುತ್ತಾರೆ.

ಹುಬ್ಬಳ್ಳಿ ಮಂದಿ
ಈಗ ತಿಳೀತು ಬಿಡ್ರಿ. ಉತ್ತರದವರಿಗೆ ಆ ಹೆಸರಿನ ಉರಿ ಗೊತ್ತಾಗುತ್ತದೆ.

ತುಂಗಾತೀರ
ದಯವಿಟ್ಟು ಉತ್ತರ ಕರ್ನಾಟಕ, ದಕ್ಷಿಣ ಕರ್ನಾಟಕ ಜಗಳ ಇಲ್ಲೂ ಬೇಡ.

ಹುಬ್ಬಳ್ಳಿ ಮಂದಿ
ಜಗಳ ಅಲ್ಲರೀ ತುಂಗಕ್ಕ, ಅರ್ಥ ಆಯಿತು ಅಂತ ಹೇಳಿದೆ ಅಷ್ಟೇ.

ಬರೀ ಬೀಟ್
0898 ಅಂದರೆ ಏನು? ಊರಿನ ಎಸ್‌ಟಿಡಿ ಕೋಡಾ?

ಹಂಬರ್ ದಂಡೆ
ಊರಿನದಲ್ಲ. ಆಗ ಬ್ರಿಟನ್ನಿನಲ್ಲಿ ನಿಮಿಷಕ್ಕೆ ಇಷ್ಟು ಅಂತ ಜಾಸ್ತಿ ದುಡ್ಡು ಕೀಳುವ ನಂಬರ್‌ಗಳು 0898ರಿಂದ ಶುರುವಾಗುತ್ತಿದ್ದವು. ಜಾತಕ ಹೇಳುವವರು, ಒಂಟಿ ಗಂಡಸರ ಜೊತೆ ಮಾತಾಡುವ ಹೆಂಗಸರು, ಎಲ್ಲಾ ಅದರಲ್ಲೇ. ಪತ್ರಿಕೆಗಳ ಹಿಂದಿನ ಪುಟದ ತುಂಬ ಅದರ ಜಾಹೀರಾತು. ಒಂಟಿತನವನ್ನು ಮಾರುವ ನಂಬರನ್ನು ಆಲ್ಬಮ್ ಹೆಸರಾಗಿ ಇಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ಫೋನಿನ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಇಡೀ ಬ್ರಿಟನ್ನಿನ ಟೆಲಿಫೋನ್ ಡಬ್ಬಿ ಕೆಂಪು, ಹಲ್‌ನದು ಮಾತ್ರ ಕೆನೆ ಬಣ್ಣ. ಆ ಊರಿಗೆ ತನ್ನದೇ ಟೆಲಿಫೋನ್ ವ್ಯವಸ್ಥೆ ಇತ್ತು, ನಗರಸಭೆಯೇ ನಡೆಸುತ್ತಿತ್ತು.

ರಾತ್ರಿ ರೇಡಿಯೋ
ಕೆನೆ ಬಣ್ಣದ ಡಬ್ಬಿ! ಫೋಟೋ ಇದ್ದರೆ ಹಾಕಿ ಸರ್.

ಸಂಜೆಮಲ್ಲಿಗೆ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಕಹಿ ಮಾತು ಹೇಳಲೇಬೇಕು. ಇದೇ ಆಲ್ಬಮ್‌ನಲ್ಲಿ '36ಡಿ' ಅನ್ನುವ ಹಾಡಿದೆ. ಪತ್ರಿಕೆಗಳಲ್ಲಿ ಮೈ ತೋರಿಸಿ ಫೋಟೋ ತೆಗೆಸಿಕೊಳ್ಳುವ ಹುಡುಗಿಯರ ಬಗ್ಗೆ. ಆ ಹಾಡು ಬೈಯುವುದು ಆ ಹುಡುಗಿಯನ್ನೇ. ಫೋಟೋ ತೆಗೆದವನು, ಅಚ್ಚು ಹಾಕಿದವನು, ಬೆಳಿಗ್ಗೆ ಟೀ ಜೊತೆ ಅದನ್ನು ನೋಡಿದವನು, ಯಾರಿಗೂ ಏನೂ ಆಗುವುದಿಲ್ಲ. ತಂಡದ ಹಾಡುಗಾರ್ತಿ ಬ್ರಿಯಾನಾ ಕಾರಿಗನ್‌ಗೆ ಇಂಥ ಸಾಹಿತ್ಯ ಹಿಡಿಸಲಿಲ್ಲ. ಈ ಆಲ್ಬಮ್ ಆದ ಮೇಲೆ ತಂಡವನ್ನೇ ಬಿಟ್ಟರು. ಇದನ್ನು ಹೇಳದೆ ಆಲ್ಬಮ್ ಹೊಗಳುವುದು ಸರಿಯಲ್ಲ.

ರಾತ್ರಿ ರೇಡಿಯೋ
ಅವರು ಬಿಟ್ಟದ್ದು ತಮ್ಮದೇ ಹಾಡುಗಳನ್ನು ಮಾಡಬೇಕು ಅಂತಲೂ ಹೌದು ಮೇಡಂ. 1996ರಲ್ಲಿ ಅವರ ಸ್ವಂತ ಆಲ್ಬಮ್ ಬಂತು.

ಸಂಜೆಮಲ್ಲಿಗೆ
ಎರಡೂ ಕಾರಣ ಇರಬಹುದು. ಅದರಿಂದ ಮೊದಲನೆಯದು ಸುಳ್ಳಾಗುವುದಿಲ್ಲ, ಅಲ್ವಾ?

ಹಳೇ ಸಿಡಿ
ಸಂಜೆಮಲ್ಲಿಗೆ ಅವರೇ, ಒಪ್ಪುತ್ತೇನೆ. ಮೊದಲ ಪೋಸ್ಟಿನಲ್ಲೇ ಇದನ್ನು ಬರೆಯಬೇಕಿತ್ತು. ಆ ಹುಡುಗಿಯರನ್ನು ಬಿಟ್ಟು ಪತ್ರಿಕೆಗಳನ್ನು ಗುರಿ ಮಾಡಬೇಕಿತ್ತು ಅಂತ ತಂಡದವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ನಾನು ಆ ಹಾಡನ್ನು ಸಮರ್ಥಿಸುವುದಿಲ್ಲ.

ಆದರೆ ಅದೇ ಕಾರಿಗನ್ ಹಾಡಿದ 'ಬೆಲ್ ಬಾಟಮ್ಡ್ ಟಿಯರ್' ಇದೆಯಲ್ಲ, ಆಲ್ಬಮ್‌ನ ಜೀವ ಅದರಲ್ಲಿದೆ. ಮೇಲೆ ಸಣ್ಣ, ಕೆಳಗೆ ಅಗಲ. ಬೆಲ್ ಬಾಟಮ್ ಪ್ಯಾಂಟಿನ ಆಕಾರದ ಕಣ್ಣೀರು! ಹೆಸರು ಓದಿ ನಗು ಬರುತ್ತದೆ. ಹಾಡು ಮುಗಿದ ಮೇಲೆ ನಗು ಇರುವುದಿಲ್ಲ. ಕಳೆದುಹೋದ ಪ್ರೀತಿಯನ್ನು ಹೆಣ್ಣಿನ ಕಡೆಯಿಂದ ನೋಡುವ ಹಾಡು. ಅವರ ದನಿ ಎಲ್ಲೂ ಅಳುವುದಿಲ್ಲ. ಒಣಗಿದ ಬಟ್ಟೆ ಮಡಚುವಷ್ಟು ಶಾಂತವಾಗಿ ಹಾಡುತ್ತಾರೆ.

ಸಂಜೆಮಲ್ಲಿಗೆ
ಅದನ್ನು ನಾನೂ ಒಪ್ಪುತ್ತೇನೆ. ಅವರ ದನಿಗಾಗಿಯೇ ನಾನು ಈ ಆಲ್ಬಮ್‌ಗೆ ಮತ್ತೆ ಮತ್ತೆ ಬರುತ್ತೇನೆ. '36ಡಿ' ಬಂದಾಗ ಮುಂದಿನ ಹಾಡಿಗೆ ಹೋಗುತ್ತೇನೆ.

ಗಿಟಾರ್ ಮೇಷ್ಟ್ರು
ರಾಗದ ಬಗ್ಗೆ ಎರಡು ಮಾತು. ಈ ತಂಡದ ಬಹುಪಾಲು ಹಾಡುಗಳು ಮೇಜರ್ ಸ್ಕೇಲಿನಲ್ಲಿವೆ. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ್ವರಗಳು. ತುಂಬು, ನೆಮ್ಮದಿಯ ಸ್ವರಗಳು. ಪಾಶ್ಚಾತ್ಯ ಸಂಗೀತದಲ್ಲಿ ದುಃಖ ಅಂದರೆ ಮೈನರ್ ಎಂಬ ರೂಢಿ ಇದೆ. ಇವರು ಆ ದಾರಿ ಹಿಡಿಯಲೇ ಇಲ್ಲ. ಹೀಟನ್‌ಗೆ ಕರಿಯರ ಸೋಲ್ ಸಂಗೀತ ಮತ್ತು ಚರ್ಚಿನ ಗಾಸ್ಪೆಲ್ ಹಾಡು ಅಂದರೆ ಪ್ರಾಣ. ಅವರ ಹಿಂದಿನ ತಂಡ ಹೌಸ್‌ಮಾರ್ಟಿನ್ಸ್ 1986ರ ಡಿಸೆಂಬರಿನಲ್ಲಿ 'ಕ್ಯಾರವಾನ್ ಆಫ್ ಲವ್' ಅನ್ನು ಒಂದೂ ವಾದ್ಯ ಇಲ್ಲದೆ ಬರೀ ಗಂಟಲಿನಲ್ಲಿ ಹಾಡಿ 1ನೇ ಸ್ಥಾನಕ್ಕೆ ಹೋಗಿತ್ತು. ಆ ಚರ್ಚಿನ ಸಮಾಧಾನ ಇಲ್ಲೂ ಇದೆ. ಸಮಾಧಾನ ಸಿಗದವರ ಕತೆಗೆ ಆ ಸಮಾಧಾನದ ರಾಗ ಹಾಕಿದ್ದಾರೆ. ಅದಕ್ಕೇ ಎದೆ ಹಿಂಡುತ್ತದೆ.

ಮಾತು ಹೀಟನ್ ಅವರದು. ರಾಗ ಕಟ್ಟಲು ಗಿಟಾರಿನ ಡೇವ್ ರಾದರೇ ಜೊತೆ. ರಾದರೇ ಹೆಸರು ಯಾರೂ ಹೇಳುವುದೇ ಇಲ್ಲ. ನನಗೆ ಅದೇ ಬೇಸರ.

ಬರೀ ಬೀಟ್
ಹೌಸ್‌ಮಾರ್ಟಿನ್ಸ್ ಅಂದ್ರೆ ಡಿಜೆ ಫ್ಯಾಟ್‌ಬಾಯ್ ಸ್ಲಿಮ್ ಇದ್ದ ತಂಡ ಅಲ್ವಾ?

ಗಿಟಾರ್ ಮೇಷ್ಟ್ರು
ಅದೇ. ಆಗ ನಾರ್ಮನ್ ಕುಕ್ ಆಗಿ ಬೇಸ್ ನುಡಿಸುತ್ತಿದ್ದರು.

ಬರೀ ಬೀಟ್
ಹಾಗಾದರೆ ಆ ತಂಡದಿಂದ ಒಳ್ಳೇದು ಒಂದು ಬಂದಿದೆ ಅಂತ ಒಪ್ಪಿದೆ.

ತುಂಗಾತೀರ
ಈ ಚರ್ಚೆ ನೋಡಿ ಮೊದಲ ಹಾಡು 'ಓಲ್ಡ್ ರೆಡ್ ಐಸ್ ಈಸ್ ಬ್ಯಾಕ್' ಹಾಕಿ ಕೇಳಿದೆ. ಚೆನ್ನಾಗಿದೆ. ಒಂದು ಕಡೆ ಮಾತ್ರ ಅರ್ಥವಾಗಲಿಲ್ಲ. ಕುಡುಕ ಸತ್ತಾಗ ಊರಿನ ಲ್ಯಾಂಡ್‌ಲಾರ್ಡ್‌ಗಳೆಲ್ಲ ಅತ್ತರು ಅಂತ ಬರುತ್ತದೆ. ಬಾಡಿಗೆ ಬಾಕಿ ಇಟ್ಟು ಸತ್ತ ಅಂತಲಾ? ಮನೆ ಮಾಲೀಕರು ಯಾಕೆ ಅಳುತ್ತಾರೆ?

ಹಂಬರ್ ದಂಡೆ
ಬ್ರಿಟನ್ನಿನಲ್ಲಿ ಪಬ್ ನಡೆಸುವವರಿಗೆ ಲ್ಯಾಂಡ್‌ಲಾರ್ಡ್ ಅಂತಾರೆ ಮೇಡಂ. ಇಲ್ಲಿ ಮನೆ ಬಾಡಿಗೆಯ ಮಾತಿಲ್ಲ. ಆತ ದಿನಾ ಕುಡಿಯಲು ಹೋಗುತ್ತಿದ್ದ ಪಬ್‌ಗಳ ಯಜಮಾನರು ಅತ್ತರು.

ರಾತ್ರಿ ರೇಡಿಯೋ
ಹಾಡಿನ ಹೆಸರಿನಲ್ಲೂ ಒಂದು ಮಾತಿನಾಟ ಇದೆ. ಅಮೆರಿಕದ ಹಾಡುಗಾರ ಫ್ರಾಂಕ್ ಸಿನಾಟ್ರಾಗೆ 'ಓಲ್ ಬ್ಲೂ ಐಸ್' ಅಂತ ಅಡ್ಡಹೆಸರು. 1973ರಲ್ಲಿ ಅವರು ಮತ್ತೆ ಹಾಡಲು ಬಂದಾಗ ಆಲ್ಬಮ್‌ಗೆ ಅದೇ ಹೆಸರು ಇಟ್ಟಿದ್ದರು, ನೀಲಿ ಕಣ್ಣಿನವ ಮರಳಿ ಬಂದ ಅಂತ. ಇಲ್ಲಿ ಬರುವವನು ಕೆಂಪು ಕಣ್ಣಿನವ. ಅವನು ಎಲ್ಲಿಂದಲೂ ಮರಳಿ ಬಂದವನಲ್ಲ, ನಿನ್ನೆ ರಾತ್ರಿಯಿಂದ ಬಂದವನು. ಕೊನೆಯ ಹಾಡು 'ವೆನ್ ಐಯಾಮ್ 84' ಕೂಡ ಹಾಗೇ. ಬೀಟಲ್ಸ್ ತಮ್ಮ 'ವೆನ್ ಐಯಾಮ್ ಸಿಕ್ಸ್ಟಿಫೋರ್' ಹಾಡಿನಲ್ಲಿ 64ಕ್ಕೆ ನಿಲ್ಲಿಸಿದರು, ಇವರು ಇನ್ನೂ ಇಪ್ಪತ್ತು ವರ್ಷ ಮುಂದೆ ಹೋದರು.

ಹುಬ್ಬಳ್ಳಿ ಮಂದಿ
ಇದನ್ನೆಲ್ಲ ಕೇಳಿದರೆ ನಮ್ಮ ರಾಜರತ್ನಂ ಅವರ ಎಂಡ್ಕುಡ್ಕ ರತ್ನ ನೆನಪಾಗುತ್ತಾನೆ. ಕುಡುಕನ ಬಾಯಲ್ಲಿ ಕವಿತೆ ಇಟ್ಟು, ನಗಿಸಿ, ಆಮೇಲೆ ಗಂಟಲು ಕಟ್ಟಿಸುತ್ತಾರೆ. ಬರೆದವರು ಬೌದ್ಧ ಸಾಹಿತ್ಯ ಕನ್ನಡಕ್ಕೆ ತಂದ ಕನ್ನಡ ಮೇಷ್ಟ್ರು!

ಸಂಜೆಮಲ್ಲಿಗೆ
ರತ್ನನ ಜೊತೆ 'ಕೆರೆಗೆ ಹಾರ'ವನ್ನೂ ಸೇರಿಸಿ. ಕೆರೆಗೆ ನೀರು ಬರಲಿ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಹಾಡು. ನಮ್ಮ ಅಜ್ಜಿ ಅದನ್ನು ಹೂ ಕಟ್ಟುತ್ತಾ ಹಾಡುತ್ತಿದ್ದರು. ಹಿತವಾದ ಧಾಟಿ. ನನಗೆ ಹತ್ತು ವರ್ಷ ಆಗುವವರೆಗೂ ಅದು ಕೊಲೆಯ ಕತೆ ಅಂತ ಹೊಳೆದೇ ಇರಲಿಲ್ಲ. ಹಳೇ ಸಿಡಿ ಅವರು ಅನ್ನಕ್ಕೆ ಇಟ್ಟು ಗುನುಗಿದ್ದು ಹೇಳಿದರಲ್ಲ, ಅದೇ ಅನುಭವ.

ಗಿಟಾರ್ ಮೇಷ್ಟ್ರು
ಒಳ್ಳೆ ಹೋಲಿಕೆ. ಆದರೆ ಒಂದು ವ್ಯತ್ಯಾಸ. 'ಕೆರೆಗೆ ಹಾರ'ದಲ್ಲಿ ಧಾಟಿ ಒಂದೇ, ಕತೆ ಎಲ್ಲಿಗೆ ಹೋದರೂ ಧಾಟಿ ಬದಲಾಗುವುದಿಲ್ಲ. ಇಲ್ಲಿ ಬೇಕಂತಲೇ ವಿರುದ್ಧ ರಾಗ ಆರಿಸಿದ್ದಾರೆ.

ಸಂಜೆಮಲ್ಲಿಗೆ
ಹಾಡುವವಳಿಗೂ ಗೊತ್ತಿತ್ತು ಮೇಷ್ಟ್ರೇ. ಭಾಗೀರಥಿ ಗೆಳತಿಯ ಮನೆಗೆ ಹೋಗುವ ಜಾಗದಲ್ಲಿ ನಮ್ಮ ಅಜ್ಜಿ ದನಿ ಇಳಿಸುತ್ತಿದ್ದರು. ಬೇಕಂತ ಮಾಡಿಲ್ಲ ಅಂತ ಹೇಗೆ ಹೇಳುತ್ತೀರಿ?

ಗಿಟಾರ್ ಮೇಷ್ಟ್ರು
ಸರಿ, ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ.

ರಾತ್ರಿ ರೇಡಿಯೋ
ಮತ್ತೆ ಮೊದಲ ಪ್ರಶ್ನೆಗೆ ಬರೋಣ, ಯಾಕೆ ಯಾರೂ ನೆನೆಯುವುದಿಲ್ಲ ಅಂತ. ನನ್ನ ಪ್ರಕಾರ ಅವರ ಜನಪ್ರಿಯತೆಯೇ ಕಾರಣ. 1994ರಲ್ಲಿ ಅವರ ಆಯ್ದ ಹಾಡುಗಳ 'ಕ್ಯಾರಿ ಆನ್ ಅಪ್ ದ ಚಾರ್ಟ್ಸ್' ಬಂತು. ಬ್ರಿಟನ್ನಿನ ಏಳು ಮನೆಗೆ ಒಂದು ಮನೆಯಲ್ಲಿ ಅದು ಇತ್ತು ಅನ್ನುವ ಮಾತಿದೆ. ಎಲ್ಲರ ಮನೆಯಲ್ಲೂ ಇರುವುದನ್ನು ವಿಮರ್ಶಕರು ಮುಟ್ಟುವುದಿಲ್ಲ. ಜನಕ್ಕೂ ಆ ಒಂದು ಸಿಡಿ ಸಾಕಾಯಿತು. ಅದರಾಚೆ ಉಳಿದ ಹಾಡುಗಳು ಯಾರ ಕಿವಿಗೂ ಬೀಳಲಿಲ್ಲ.

ಹಳೇ ಸಿಡಿ
ಇದು ನಿಜ. ಜೊತೆಗೆ 0898 ಬಂದ ಹೊತ್ತೂ ಸರಿ ಇರಲಿಲ್ಲ. ಒಂದು ಕಡೆ ನಿರ್ವಾಣದಂಥ ತಂಡಗಳ ಸಿಯಾಟಲ್ ಗದ್ದಲ, ಇನ್ನೊಂದು ಕಡೆ ಬ್ರಿಟ್‌ಪಾಪ್ ಅನ್ನುವ ಬ್ರಿಟಿಷ್ ತಂಡಗಳ ಅಬ್ಬರ ಇನ್ನೂ ಶುರುವಾಗಿಲ್ಲ. ಹಿಂದಿನ ಆಲ್ಬಮ್‌ನ 'ಎ ಲಿಟಲ್ ಟೈಮ್' 1990ರಲ್ಲಿ 1ನೇ ಸ್ಥಾನ ಮುಟ್ಟಿತ್ತು. 0898ರಿಂದ ಬಿಡಿಯಾಗಿ ಬಂದ ನಾಲ್ಕು ಹಾಡುಗಳಲ್ಲಿ (ಸಿಂಗಲ್) ಮೇಲಕ್ಕೆ ಹೋದದ್ದು 'ಬೆಲ್ ಬಾಟಮ್ಡ್ ಟಿಯರ್' ಒಂದೇ, ಅದೂ 16ಕ್ಕೆ. ಆಲ್ಬಮ್ 4ನೇ ಸ್ಥಾನದವರೆಗೆ ಹೋಗಿ ಇಳಿಯಿತು. ಎರಡು ದೊಡ್ಡ ಯಶಸ್ಸಿನ ನಡುವೆ ಸಿಕ್ಕಿಕೊಂಡ ಮಧ್ಯದ ಮಗುವಿನ ಹಾಗೆ.

ಹಂಬರ್ ದಂಡೆ
ಹೀಟನ್ ಬಗ್ಗೆ ಒಂದು ವಿಷಯ ಹೇಳಿಬಿಡುತ್ತೇನೆ. 2022ರಲ್ಲಿ ಅವರಿಗೆ 60 ತುಂಬಿತು. ಬ್ರಿಟನ್ ಮತ್ತು ಐರ್ಲೆಂಡಿನ 60 ಪಬ್‌ಗಳಲ್ಲಿ ತಮ್ಮ ದುಡ್ಡು ಇಟ್ಟು, ಬಂದವರು ನನ್ನ ಲೆಕ್ಕದಲ್ಲಿ ಕುಡಿಯಿರಿ ಅಂದರು. ಕೆಂಪು ಕಣ್ಣಿನ ಮುದುಕನ ಹಾಡು ಬರೆದವರೇ ಹೀಗೆ ಮಾಡಿದ್ದು ನನಗೆ ತುಂಬಾ ಇಷ್ಟವಾಯಿತು. ಆ ಜನರನ್ನು ಅವರು ದೂರದಿಂದ ನೋಡಿ ಬರೆದದ್ದಲ್ಲ.

ಸಂಜೆಮಲ್ಲಿಗೆ
ಕುಡಿತ ಒಂದು ಮನೆಯನ್ನು ಏನು ಮಾಡುತ್ತದೆ ಅಂತ ಬರೆದವರು ಜನಕ್ಕೆ ಪುಕ್ಕಟೆ ಕುಡಿಸುವುದು ನನಗೆ ಸರಿ ಕಾಣುವುದಿಲ್ಲ.

ಹಂಬರ್ ದಂಡೆ
ಅಲ್ಲಿ ಪಬ್ ಅಂದರೆ ನಮ್ಮ ಊರಿನ ಅರಳಿಕಟ್ಟೆ ಇದ್ದ ಹಾಗೆ ಅಕ್ಕ. ಕುಡಿಯದವರೂ ಬಂದು ಕೂರುತ್ತಾರೆ. ಎಷ್ಟೋ ಪಬ್‌ಗಳು ಮುಚ್ಚುತ್ತಿವೆ. ಅದನ್ನು ಉಳಿಸುವ ಆಸೆ ಅದರಲ್ಲಿತ್ತು ಅಂತ ನಾನು ತಿಳಿದಿದ್ದೇನೆ.

ಸಂಜೆಮಲ್ಲಿಗೆ
ಆಯಿತು, ಈ ವಿಷಯದಲ್ಲಿ ನಿಮ್ಮದು ನಿಮಗೆ, ನನ್ನದು ನನಗೆ.

ಬರೀ ಬೀಟ್
ಸರಿ, ಹಳೇ ಸಿಡಿ ಅವರ ಮಾತಿಗೆ ಬೆಲೆ ಕೊಟ್ಟು ಇಡೀ ಆಲ್ಬಮ್ ಸಾಹಿತ್ಯ ಇಟ್ಟುಕೊಂಡು ಕೇಳಿದೆ. ಸೂಪರ್‌ಮಾರ್ಕೆಟ್ ಮಾತು ತಪ್ಪು, ಒಪ್ಪುತ್ತೇನೆ. ಎರಡನೇ ಹಾಡು 'ವಿ ಆರ್ ಈಚ್ ಅದರ್' ನನ್ನನ್ನು ಹಿಡಿದು ಕೂರಿಸಿತು. ಅಷ್ಟು ಹತ್ತಿರವಾದ ಒಂದು ಜೋಡಿ ನನಗೆ ಗೊತ್ತು. ಇಬ್ಬರಿಗೂ ಬೇರೆ ಸ್ನೇಹಿತರು ಉಳಿಯಲಿಲ್ಲ.

ಆದರೂ ಡ್ರಮ್ ತುಂಬಾ ತೊಳೆದು ಒರೆಸಿದ ಹಾಗಿದೆ. ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಗಿಟಾರ್ ಮೇಷ್ಟ್ರು
ಆ ಕಾಲದ ಸ್ಟುಡಿಯೋ ರುಚಿ ಅದು. ಧ್ವನಿಮುದ್ರಣದ ನಿರ್ಮಾಪಕ ಜಾನ್ ಕೆಲ್ಲಿ. ಹಾಡುಗಾರ್ತಿ ಕೇಟ್ ಬುಷ್ ಜೊತೆ ಕೆಲಸ ಮಾಡಿದವರು. ಅವರಿಗೆ ಪ್ರತಿ ವಾದ್ಯವೂ ಬೇರೆ ಬೇರೆಯಾಗಿ ಕೇಳಬೇಕು.

ಹುಬ್ಬಳ್ಳಿ ಮಂದಿ
ಈ ತಂಡ ಈಗಲೂ ಇದೆಯಾ?

ರಾತ್ರಿ ರೇಡಿಯೋ
ಇಲ್ಲ, 2007ರಲ್ಲಿ ಮುಗಿಸಿದರು. ಎಲ್ಲ ತಂಡಗಳೂ ಸಂಗೀತದ ಭಿನ್ನಾಭಿಪ್ರಾಯ ಅಂತ ಕಾರಣ ಕೊಡುತ್ತವೆ. ಇವರು ಸಂಗೀತದಲ್ಲಿ ಒಂದೇ ಥರ ಆಗಿಬಿಟ್ಟಿದ್ದೇವೆ, ಅದಕ್ಕೇ ಬಿಡುತ್ತಿದ್ದೇವೆ ಅಂದರು. ಕಾರಿಗನ್ ಆದ ಮೇಲೆ ಬಂದ ಜಾಕಿ ಆಬಟ್ ಜೊತೆ ಹೀಟನ್ 2014ರಿಂದ ಮತ್ತೆ ಆಲ್ಬಮ್ ಮಾಡಿದ್ದಾರೆ.

ತುಂಗಾತೀರ
ಎರಡು ದಿನದಿಂದ ಬರೆಯಲೋ ಬೇಡವೋ ಅಂತ ಇದ್ದೆ. ಹಂಬರ್ ದಂಡೆ ಅವರು ಲ್ಯಾಂಡ್‌ಲಾರ್ಡ್ ಅಂದರೆ ಯಾರು ಅಂತ ಹೇಳಿದ ಮೇಲೆ ಆ ಹಾಡನ್ನು ಮತ್ತೆ ಕೇಳಿದೆ. ಪೂರ್ತಿ ಕೇಳೋಕೆ ಆಗಲಿಲ್ಲ.

ನಮ್ಮ ಚಿಕ್ಕಪ್ಪ ಕುಡಿಯುತ್ತಿದ್ದರು. ಬೆಳಿಗ್ಗೆಯೇ ಕಣ್ಣು ಕೆಂಪಗಿರುತ್ತಿತ್ತು. ನಮಗೆ ಪೆಪ್ಪರ್‌ಮಿಂಟ್ ತಂದುಕೊಡುತ್ತಿದ್ದರು, ಚೌಕಾಬಾರ ಕಲಿಸಿದರು. ಮನೆಯ ದೊಡ್ಡವರು ಅವರ ಜೊತೆ ಮಾತು ಬಿಟ್ಟಿದ್ದರು. 1997ರಲ್ಲಿ ಹೋದರು. ಆಗ ಇನ್ನೂ ಊರಲ್ಲಿ ಸಾರಾಯಿ ಅಂಗಡಿ ಇತ್ತು. ಹೆಣ ಎತ್ತುವ ಹೊತ್ತಿಗೆ ಆ ಅಂಗಡಿಯವನು ಬಂದು ಗೇಟಿನ ಹೊರಗೆ ನಿಂತಿದ್ದ. ಒಳಗೆ ಬರಲಿಲ್ಲ. ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಇವನಿಗೆ ಇಲ್ಲೇನು ಕೆಲಸ ಅಂತ ನಮ್ಮಪ್ಪ ಅವನನ್ನು ಬೈದು ಕಳಿಸಿದರು. ಅವನಿಗೆ ಬಾಕಿ ಬರಬೇಕಿತ್ತೇನೋ ಅಂತ ನಾವೆಲ್ಲ ಅಂದುಕೊಂಡೆವು.

ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ.

ಹಳೇ ಸಿಡಿ
ತುಂಗಾತೀರ ಅವರೇ, ಓದಿದೆ. ಮತ್ತೆ ಮತ್ತೆ ಓದಿದೆ.

ಹಂಬರ್ ದಂಡೆ
ಬರೆದದ್ದಕ್ಕೆ ಥ್ಯಾಂಕ್ಸ್ ಮೇಡಂ.

ಬರೀ ಬೀಟ್
ಅಕ್ಕ, ಆ ಅಂಗಡಿಯವನು ಈಗಲೂ ಊರಲ್ಲಿದ್ದಾನಾ?

ತುಂಗಾತೀರ
ಇದ್ದಾನೆ. 2007ರಲ್ಲಿ ಸಾರಾಯಿ ನಿಂತ ಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಬೀಡಾ ಅಂಗಡಿ ಇಟ್ಟುಕೊಂಡ. ಮುಂದಿನ ತಿಂಗಳು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೇನೆ. ಹೋಗಿ ಮಾತಾಡಿಸಬೇಕು.